ಶ್ರೀಗಂಧದ ಅರಿವು: ಚೇಗಿನಿಂದ ವಂಶವಾಹಿಯವರೆಗೆ

ಕನ್ನಡ ನಾಡಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ಶ್ರೀಗಂಧಕ್ಕೆ ಇರುವ ಸ್ಥಾನವನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ದೇವರ ಪೂಜೆಯಿಂದ ಶವಸಂಸ್ಕಾರದವರೆಗೆ, ಮದುವೆಯ ಮನೆಯಿಂದ ಅರಮನೆಯ ಬೊಕ್ಕಸದವರೆಗೆ ಅದರ ವ್ಯಾಪ್ತಿ ಹರಡಿಕೊಂಡಿದೆ. ಆದರೆ ಈ ಬರವಣಿಗೆಯ ಬಹುಪಾಲು ಮರವನ್ನು ಕುರಿತದ್ದಲ್ಲ. ಮರದ ಪರಿಮಳವನ್ನು ಕುರಿತದ್ದು. ಪರಿಮಳ ಇರುವುದು ಚೇಗಿನಲ್ಲಿ. ಜೀವಕೋಶಗಳು ಸತ್ತು ಎಣ್ಣೆಗಟ್ಟಿದ ಒಳಮರವೇ ಚೇಗು. ನಿಂತ ಶ್ರೀಗಂಧದ ಎಲೆಗೂ ಹೂವಿಗೂ ತೊಗಟೆಗೂ ಆ ಪರಿಮಳವಿಲ್ಲ. ಹತ್ತಾರು ವರ್ಷ ಬೆಳೆದ ಮರದೊಳಗೆ ಎಷ್ಟು ಚೇಗಿದೆ, ಅದರಲ್ಲಿ ಎಷ್ಟು ಎಣ್ಣೆಯಿದೆ ಎಂಬುದು ಹೊರಗಿನಿಂದ ನೋಡುವವರಿಗೆ ತಿಳಿಯುವಂಥದ್ದಲ್ಲ.

ಗಾದೆಗಳನ್ನು ಗಮನಿಸಿದರೂ ಇದೇ ಸಂಗತಿ ಎದ್ದು ಕಾಣುತ್ತದೆ. ‘ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು’ ಎಂಬ ಗಾದೆಯಲ್ಲಿರುವ ಗಂಧ ತೇಯ್ದ ಗಂಧ. ತನ್ನನ್ನು ತೇಯ್ದುಕೊಂಡು ಪರಿಮಳ ಕೊಡುವ ವಸ್ತುವಾಗಿ ಜನರ ಮಾತಿನಲ್ಲಿ ಬರುವುದು ಗಂಧದ ಕೊರಡು. ಮಾವು, ಹಲಸು, ಆಲ, ಬೇವುಗಳು ನೆರಳಾಗಿ, ಹಣ್ಣಾಗಿ, ಕಟ್ಟೆಯ ಮರವಾಗಿ ಜನಪದರ ಮಾತಿನೊಳಗೆ ಬಂದರೆ ಶ್ರೀಗಂಧ ಬಹುಮಟ್ಟಿಗೆ ಕೊರಡಾಗಿಯೇ ಬರುತ್ತದೆ. ಬೇರು ಬಿಟ್ಟು ನಿಂತ ಮರವೊಂದು ಭಾಷೆಯಲ್ಲಿ ಇಷ್ಟು ವಿರಳವಾಗಿರುವುದು ಕಾಕತಾಳೀಯವಲ್ಲ.

ಸರ್ಕಾರಿ ಗಂಧದ ಕೋಠಿಗಳ ಪರಿಭಾಷೆ ಇದಕ್ಕೆ ಇನ್ನೂ ಸ್ಪಷ್ಟವಾದ ಪುರಾವೆ. ಅಲ್ಲಿ ಕಡಿದು ತಂದು, ಹೊರಗಿನ ಬಿಳಿಮರವನ್ನು ಕೆತ್ತಿ ತೆಗೆದ ಗಂಧವನ್ನು ಹದಿನೆಂಟು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಬೆಳೆದುಬಂದಿತು. ಮೊದಲ ವರ್ಗದ ಹೆಸರು ‘ವಿಲಾಯತ್ ಬುದ್’. ದೋಷವಿಲ್ಲದ ದಿಮ್ಮಿ, ತೂಕ 9 ಕಿಲೋಗ್ರಾಮಿಗೆ ಕಡಿಮೆಯಿಲ್ಲದ್ದು, ಟನ್ನಿಗೆ 112ಕ್ಕಿಂತ ಹೆಚ್ಚು ತುಂಡುಗಳಾಗಬಾರದು. ಎರಡನೆಯದು ‘ಚೀನಾ ಬುದ್’, ಟನ್ನಿಗೆ 224ರವರೆಗೆ. ಮೂರನೆಯದು ‘ಪಂಜಂ’, 448ರವರೆಗೆ. ಆಮೇಲೆ ಘೋಟ್ಲಾ, ಘಾಟ್‌ಬದ್ಲಾ, ಬಗರ್‌ದಾದ್, ಬೇರು, ಜಜ್‌ಪೋಕಲ್, ಹಲವು ಬಗೆಯ ಚಿಲ್ತಾಗಳು, ಬುಕ್ನಿ, ಕೊನೆಗೆ ಗರಗಸದ ಹುಡಿ. ಹೆಸರುಗಳಲ್ಲಿ ಮರ ಹೋಗಿ ಸೇರುವ ಊರಿದೆ, ತುಂಡಿನ ಗಾತ್ರವಿದೆ, ಪೊಳ್ಳು ಗಟ್ಟಿಗಳ ಭೇದವಿದೆ; ಮರ ಬೆಳೆದ ನೆಲದ ಸುಳಿವು ಮಾತ್ರ ಇಲ್ಲ. ತುಂಡುಗಳು ಕೋಠಿಯಲ್ಲಿ ಬೆರೆತ ಮೇಲೆ ಯಾವುದು ಯಾವ ಕಾಡಿನದು, ಯಾವ ತಾಯಿಮರದ ಸಂತಾನ ಎಂದು ಕೇಳುವವರೂ ಇರಲಿಲ್ಲ, ಹೇಳುವ ದಾರಿಯೂ ಇರಲಿಲ್ಲ. ಸಾಗರ ಸೊರಬಗಳ ಗುಡಿಗಾರರಂತಹ ಕುಶಲಕರ್ಮಿಗಳಿಗೂ ಮರ ದೊರೆಯುತ್ತಿದ್ದುದು ಈ ಕೋಠಿಗಳ ಮೂಲಕವೇ. ಚೇಗಿನ ಬಣ್ಣ, ಎಳೆ, ಗಡಸುತನಗಳ ವಿಷಯದಲ್ಲಿ ಅವರ ಅರಿವು ಅಸಾಧಾರಣವಾದದ್ದು. ಅದೂ ಕೊರಡಿನಿಂದ ಆರಂಭವಾಗುವ ಅರಿವು.

ಕಡಿದ ಮೇಲೆ ಮಾತ್ರ ಅರಿಯಲಾಗುತ್ತಿದ್ದ ಈ ಮರವನ್ನು ನಿಂತಿರುವಾಗಲೇ, ಒಂದೆರಡು ಎಲೆಗಳಿಂದ ಅರಿಯುವ ಹಾದಿಯೊಂದು ಕಳೆದ ಎರಡು ದಶಕಗಳಲ್ಲಿ ತೆರೆದುಕೊಂಡಿದೆ. ಅದು ಜೀನೋಮಿನ, ಎಂದರೆ ಜೀವಿಯೊಂದರ ಸಮಗ್ರ ವಂಶವಾಹಿ ಬರಹದ, ಅನುಕ್ರಮ ನಿರ್ಣಯ. ಈ ಹೊಸ ಓದು ಶ್ರೀಗಂಧದ ಚರಿತ್ರೆಗೆ ಏನನ್ನು ಸೇರಿಸುತ್ತದೆ, ಅದರ ಉಳಿವಿಗೆ ಎಷ್ಟು ಒದಗುತ್ತದೆ ಎಂಬುದನ್ನು ಪರಿಶೀಲಿಸಬೇಕಾದರೆ ಮರ ಕ್ಷೀಣಿಸಿದ ಬಗೆಯನ್ನು ಮೊದಲು ತಿಳಿಯಬೇಕಾಗುತ್ತದೆ.

ಅರಸು ಮರ

ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ಅರಸು ಮರವೆಂದು ಘೋಷಿಸಿದನು. ಅವನ ನಂತರವೂ ಮೈಸೂರಿನ ಆಡಳಿತಗಳು ಆ ಹಕ್ಕನ್ನು ಕೈಬಿಡಲಿಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ಅದು ಕಳುವಾದರೆ ವಿಚಾರಣೆ ಎದುರಿಸಬೇಕಾದವನು ಮಾತ್ರ ರೈತ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಗೆ ಮರದ ರಫ್ತು ನಿಂತುಹೋದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಬಟ್ಟಿಯಿಳಿಸುವ ಪ್ರಯೋಗಗಳು ನಡೆದು, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. ಸಾಬೂನಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಸಂಸ್ಥಾನದ ವರಮಾನದಲ್ಲಿ ಗಂಧದ ಪಾಲು ದೊಡ್ಡದಾಗಿತ್ತು. ಹಾಗಾಗಿ ಕಾನೂನೂ ಬಿಗಿಯಾಗಿತ್ತು.

ಈ ಕಾನೂನು ಹಳ್ಳಿಯ ಬದುಕಿನಲ್ಲಿ ಉಂಟುಮಾಡಿದ ಪರಿಣಾಮ ಕಾನೂನಿನ ಪುಸ್ತಕದಲ್ಲಿ ದಾಖಲಾಗಿಲ್ಲ. ಹೊಲದಲ್ಲಿ ಗಂಧದ ಸಸಿ ಕಂಡರೆ ಅಧಿಕಾರಿಗಳ ಕಣ್ಣಿಗೆ ಬೀಳುವ ಮೊದಲೇ ಕಿತ್ತೆಸೆಯುವುದು ಹಳೆಯ ಮೈಸೂರು ಸೀಮೆಯ ಅನೇಕ ಕಡೆ ರೂಢಿಯಾಗಿತ್ತು. ಗಂಧವನ್ನು ದೇವರಿಗೆ ಲೇಪಿಸುವ ಕೈಯೇ ಗಂಧದ ಸಸಿಯನ್ನು ಕೀಳುತ್ತಿದ್ದ ಈ ವೈರುಧ್ಯವನ್ನು ಜಾನಪದ ಅಧ್ಯಯನಗಳು ಇಷ್ಟರವರೆಗೆ ಗಂಭೀರವಾಗಿ ಪರಿಗಣಿಸಿಲ್ಲ ಎಂದೇ ಹೇಳಬೇಕು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನಾದನು. ಮರುವರ್ಷ ತಮಿಳುನಾಡೂ ಇದೇ ದಾರಿ ಹಿಡಿಯಿತು. ಅಷ್ಟರಲ್ಲಿ ಎರಡು ಶತಮಾನಗಳೇ ಕಳೆದಿದ್ದವು. ಕಾಡಿನ ಮರಗಳನ್ನು ಕಳ್ಳಸಾಗಣೆ ಬರಿದುಮಾಡಿತ್ತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 1998ರಲ್ಲಿ ಶ್ರೀಗಂಧವು ಅಳಿವಿನ ಅಪಾಯಕ್ಕೆ ಸಿಲುಕಿದ ಜಾತಿಗಳ ಸಾಲಿಗೆ ಸೇರಿತು.

ಕಡಿತದ ಪ್ರಮಾಣಕ್ಕಿಂತಲೂ ಅದರ ರೀತಿ ಹೆಚ್ಚು ವಿಚಾರಯೋಗ್ಯವಾದದ್ದು. ಗಂಧದ ಮರವನ್ನು ಕಡಿಯುವುದಕ್ಕಿಂತ ಹೆಚ್ಚಾಗಿ ಕೀಳುತ್ತಾರೆ; ಬೇರಿನಲ್ಲಿ ಎಣ್ಣೆಯ ಅಂಶ ಅಧಿಕವಾಗಿರುವುದರಿಂದ ಬುಡವನ್ನು ಅಗೆದು ಬೇರುಸಹಿತ ತೆಗೆಯುವುದೇ ವಾಡಿಕೆ. ನೆಲದಲ್ಲಿ ಉಳಿದ ಬೇರಿನ ತುಣುಕುಗಳಿಂದ ಚಿಗುರುವ ಮರಿಗಳು ತಾಯಿಮರದ ಪಡಿಯಚ್ಚುಗಳು. ಹೊರನೋಟಕ್ಕೆ ಕಾಡು ಮತ್ತೆ ಬೆಳೆದಂತೆ ತೋರಿದರೂ ವಂಶದ ದೃಷ್ಟಿಯಿಂದ ಹತ್ತು ಗಿಡಗಳು ಒಂದೇ ಗಿಡವಾಗಿರಬಹುದು. ಇನ್ನೊಂದು ಸಂಗತಿಯೂ ಇದೆ. ಕಣದಲ್ಲಿ ರಾಗಿ ಜೋಳಗಳ ಒಳ್ಳೆಯ ತೆನೆಯನ್ನು ಆರಿಸಿ ಬಿತ್ತನೆಗೆ ಎತ್ತಿಡುವುದು ನಮ್ಮ ರೈತಾಪಿ ಜನರ ಹಳೆಯ ವಿವೇಕ. ಶ್ರೀಗಂಧದಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧವಾದ ಆಯ್ಕೆ. ದಪ್ಪನಾದ, ಚೇಗು ತುಂಬಿದ ಮರಗಳು ಮೊದಲು ಹೋದವು. ಬೀಜ ಕೊಡಲು ಉಳಿದವು ಯಾರಿಗೂ ಬೇಡವಾದವು.

ನಿಂತ ಮರವನ್ನು ಬಲ್ಲವರು

ನಿಂತ ಮರದ ಬಗೆಗಿನ ಅರಿವು ಪೂರ್ತಿಯಾಗಿ ಇಲ್ಲದೆ ಇರಲಿಲ್ಲ. ಅದು ಗ್ರಂಥಗಳಲ್ಲಿ ಇರಲಿಲ್ಲ, ಅಷ್ಟೆ. ಗಂಧದ ಗಿಡ ಒಂಟಿಯಾಗಿ ಏಳುವುದಿಲ್ಲ, ಬೇಲಿಯಲ್ಲಿಯೋ ಪೊದೆಯ ನಡುವೆಯೋ ಏಳುತ್ತದೆ ಎಂಬುದು ದನಗಾಹಿಗಳಿಗೂ ರೈತರಿಗೂ ಕಣ್ಣಳತೆಯ ವಿಷಯ. ಇದಕ್ಕೆ ಎರಡು ಕಾರಣಗಳಿವೆ. ಕಪ್ಪುನೇರಳೆ ಬಣ್ಣದ ಅದರ ಹಣ್ಣನ್ನು ಕೋಗಿಲೆ, ಪಿಕಳಾರಗಳಂತಹ ಹಕ್ಕಿಗಳು ತಿಂದು, ಕೂತ ಕಡೆ ಬೀಜ ಉದುರಿಸುತ್ತವೆ. ಜೊತೆಗೆ ಈ ಮರ ಅರೆಪರಾವಲಂಬಿ. ತನ್ನ ಹಸುರೆಲೆಯಿಂದ ಆಹಾರ ತಯಾರಿಸಿಕೊಂಡರೂ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ನೀರನ್ನೂ ಲವಣಗಳನ್ನೂ ಹೀರುತ್ತದೆ. ಹೊಂಗೆ, ಸರ್ವೆ, ತೊಗರಿ ಮೊದಲಾಗಿ ಸುಮಾರು 300 ಜಾತಿಯ ಸಸ್ಯಗಳು ಅದಕ್ಕೆ ಆಸರೆಯಾಗಬಲ್ಲವೆಂದು ಗುರುತಿಸಲಾಗಿದೆ. ವಿಜ್ಞಾನ ಈ ಸಂಗತಿಯನ್ನು ಕಂಡುಕೊಂಡದ್ದು 1871ರಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್ ಅವರ ಪರಿಶೀಲನೆಯಿಂದ. ಸಿ.ಎ. ಬಾರ್ಬರ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇರಿನ ಹೀರುಕೊಂಡಿಯ ರಚನೆಯನ್ನು ವಿವರವಾಗಿ ವರ್ಣಿಸಿದರು.

ಇಂತಹ ಸಾಮ್ಯಗಳನ್ನು ಕಂಡೊಡನೆ ‘ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು’ ಎಂದು ಉದ್ಗರಿಸುವ ಚಪಲ ದೇಸಿ ಜ್ಞಾನವನ್ನು ಕುರಿತ ನಮ್ಮ ಬರವಣಿಗೆಗಳಲ್ಲಿ ಹೆಚ್ಚಾಗಿದೆ. ಗಿಡ ಬೇಲಿಯಲ್ಲಿ ಏಳುತ್ತದೆ ಎಂದು ತಿಳಿಯುವುದು ಬೇರೆ, ಬೇರು ಬೇರಿಗೆ ಕಚ್ಚುತ್ತದೆ ಎಂದು ತೋರಿಸುವುದು ಬೇರೆ. ಆದರೆ ಮೊದಲನೆಯ ಅರಿವನ್ನು ಕಡೆಗಣಿಸಿದರೆ ಎರಡನೆಯದಕ್ಕೆ ದಾರಿ ದೂರವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಿದರ್ಶನವನ್ನು ಇಲ್ಲಿ ನೆನೆಯಬಹುದು. ನೆಲ್ಲಿಯ ಮರಗಳು ಕುಗ್ಗುತ್ತಿರುವುದಕ್ಕೆ ಅವುಗಳ ಮೇಲೆ ಬೆಳೆಯುವ ‘ಉಪ್ಪಿಲು’ ಎಂಬ ಬದನಿಕೆ ಕಾರಣವೆಂದೂ, ಕಾಡಿಗೆ ಸಣ್ಣ ಬೆಂಕಿ ಹಾಕುವುದು ನಿಂತ ಮೇಲೆ ಅದು ಹೆಚ್ಚಿತೆಂದೂ ಅವರು ಹೇಳುತ್ತಿದ್ದರು. ಈ ಮಾತನ್ನು ಪರಿಸರ ವಿಜ್ಞಾನಿಗಳು ಪರೀಕ್ಷೆಗೆ ಒಡ್ಡಬೇಕಾದ ಊಹೆಯಾಗಿ ಸ್ವೀಕರಿಸಿದರು. ಆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬದನಿಕೆಯೂ ಶ್ರೀಗಂಧವೂ ಸಸ್ಯಶಾಸ್ತ್ರದಲ್ಲಿ ಒಂದೇ ಗಣಕ್ಕೆ ಸೇರಿದ ಬಂಧುಗಳೆಂಬುದು ಇಲ್ಲಿ ಪ್ರಾಸಂಗಿಕವಾಗಿ ಉಲ್ಲೇಖನೀಯ.

ಮಣ್ಣನ್ನು ಕುರಿತ ನಂಬಿಕೆಯೂ ಇಂಥದ್ದೇ. ಫಲವತ್ತಾದ ನೆಲದಲ್ಲಿ ಬೇಗ ಬೆಳೆದ ಮರಕ್ಕಿಂತ ಒಣ, ಕಲ್ಲುನೆಲದಲ್ಲಿ ನಿಧಾನವಾಗಿ ಬೆಳೆದ ಮರದ ಗಂಧವೇ ಗಂಧ ಎಂಬ ಮಾತು ಜನರಲ್ಲಿಯೂ ಹಳೆಯ ಅರಣ್ಯಾಧಿಕಾರಿಗಳ ಬರಹಗಳಲ್ಲಿಯೂ ಇದೆ. ಈ ಗುಣ ನೆಲದ್ದೋ, ವಂಶದ್ದೋ? ಒಂದೇ ತೋಟದಲ್ಲಿ, ಒಂದೇ ವಯಸ್ಸಿನ ಮರಗಳಲ್ಲಿ ಎಣ್ಣೆಯ ಪ್ರಮಾಣ ಬಹಳ ಏರುಪೇರಾಗಿರುವುದು ಕಂಡುಬಂದಿದೆ. ಆದುದರಿಂದ ಎಲ್ಲವನ್ನೂ ನೆಲದ ಮೇಲೆ ಹೊರಿಸುವಂತಿಲ್ಲ. ಕೊರಡಿನ ಅರಿವಿಗೆ ಈ ಪ್ರಶ್ನೆಯನ್ನು ಬಿಡಿಸುವ ಸಾಧನವೇ ಇರಲಿಲ್ಲ.

ಸ್ಪೈಕ್ ರೋಗದ ಚರಿತ್ರೆಯೂ ಅದನ್ನೇ ಹೇಳುತ್ತದೆ. ಎಲೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಬಿರುಸಾಗಿ, ರೆಂಬೆಗಳು ಮುಳ್ಳಿನ ಕದಿರುಗಳಂತಾಗಿ, ಹೂಹಣ್ಣು ನಿಂತು, ಒಂದರಿಂದ ಮೂರು ವರ್ಷಗಳಲ್ಲಿ ಮರ ಸಾಯುವ ಈ ರೋಗವನ್ನು ಮೊದಲು ವರದಿ ಮಾಡಿದ್ದು 1899ರಲ್ಲಿ, ಕೊಡಗಿನಿಂದ. ಮುಂದಿನ ದಶಕಗಳಲ್ಲಿ ಕೊಡಗು ಮೈಸೂರುಗಳಲ್ಲಿ ಲಕ್ಷಗಟ್ಟಲೆ ಮರಗಳು ನಾಶವಾದವು. ಮಳೆಯ ಅಭಾವ, ಆಸರೆಯ ಗಿಡಗಳ ಸಾವು, ಬೆಂಕಿ ಎಂದು ಹಲವು ಕಾರಣಗಳನ್ನು ಊಹಿಸಲಾಯಿತು. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ರೋಗದ ಮರದ ಕುಡಿಯನ್ನು ಆರೋಗ್ಯವಂತ ಮರಕ್ಕೆ ಕಸಿ ಕಟ್ಟಿ, ಇದು ಅಂಟುರೋಗವೆಂಬುದನ್ನು 1917ರಲ್ಲಿ ಸ್ಪಷ್ಟಪಡಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮೊದಲಾದವರು ವರ್ಷಗಟ್ಟಲೆ ದುಡಿದರು. ಅಂಟಿಸುವ ಜೀವಿ ಕಣ್ಣಿಗೆ ಬಿದ್ದದ್ದು 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ. ಇಂದು ಅದನ್ನು ಫೈಟೊಪ್ಲಾಸ್ಮಾ ಎಂದು ಕರೆಯಲಾಗುತ್ತದೆ. ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾ ಅದು. ಕೀಟಗಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ರೋಗವನ್ನು ಗುರುತಿಸಿ ಶತಮಾನವೇ ದಾಟಿದರೂ ಅದಕ್ಕೆ ಮದ್ದು ದೊರೆತಿಲ್ಲ. ಕೇರಳದ ಮರಯೂರಿನ ರಕ್ಷಿತ ಗಂಧದ ಕಾಡಿನಲ್ಲಿಯೂ ಅದು ಕಾಣಿಸಿಕೊಂಡಿದೆ. ಬೇಲಿ ಹಾಕಿ, ಕಾವಲಿಟ್ಟು ಕಳ್ಳನನ್ನು ತಡೆಯಬಹುದು, ಕೀಟವನ್ನಲ್ಲ.

ಅಕ್ಷರಗಳ ಓದು

ವಂಶವಾಹಿಯ ದೃಷ್ಟಿಯಿಂದ ಶ್ರೀಗಂಧವನ್ನು ನೋಡುವ ಕೆಲಸ ಜೀನೋಮಿಗಿಂತ ಮೊದಲೇ ಆರಂಭವಾಗಿತ್ತು. ಎಲೆಗಳಲ್ಲಿರುವ ಕಿಣ್ವಗಳ ರೂಪಭೇದಗಳನ್ನು ಹೋಲಿಸಿ ಮರಗಳ ನಡುವಣ ಅಂತರವನ್ನು ಅಳೆಯುವ ವಿಧಾನದಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೆ.ಎನ್. ಗಣೇಶಯ್ಯ, ಆರ್. ಉಮಾಶಂಕರ್ ಅವರೂ ಸಹೋದ್ಯೋಗಿಗಳೂ ದಕ್ಷಿಣ ಭಾರತದ ಗಂಧದ ನೆಲೆಗಳನ್ನು ಅಭ್ಯಸಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ದಖ್ಖನ್ ಪ್ರಸ್ಥಭೂಮಿಯ ಮರಗಳಲ್ಲಿ ಉಳಿದೆಡೆಗಳಿಗಿಂತ ಹೆಚ್ಚಿನ ವಂಶ ವೈವಿಧ್ಯವಿದೆ. ಎಲ್ಲಿ ಮರಗಳು ಹೆಚ್ಚಾಗಿವೆ ಎಂಬುದಕ್ಕಿಂತ ಎಲ್ಲಿ ಬಗೆಗಳು ಹೆಚ್ಚಾಗಿವೆ ಎಂದು ನೋಡಿ, ಅಂತಹ ನೆಲೆಗಳನ್ನು ಇದ್ದಲ್ಲಿಯೇ ರಕ್ಷಿಸಬೇಕೆಂಬ ವಿಚಾರಕ್ಕೆ ಇದು ಬಲ ನೀಡಿತು. ಅರಣ್ಯ ಇಲಾಖೆಗಳ ಲೆಕ್ಕ ಯಾವಾಗಲೂ ಮರಗಳ ಸಂಖ್ಯೆಯದ್ದೂ ಟನ್ನುಗಳದ್ದೂ ಆಗಿತ್ತೆಂಬುದನ್ನು ನೆನೆದರೆ ಈ ಬದಲಾವಣೆಯ ಮಹತ್ವ ತಿಳಿಯುತ್ತದೆ.

ಕಿಣ್ವಗಳ ಹೋಲಿಕೆ ಗ್ರಂಥವೊಂದರ ಕೆಲವು ಪದಗಳನ್ನಷ್ಟೇ ಹೆಕ್ಕಿ ಪ್ರತಿಗಳನ್ನು ಹೋಲಿಸಿದಂತೆ. ಗ್ರಂಥವನ್ನು ಆದ್ಯಂತ ಓದುವುದು ಜೀನೋಮ್ ಅನುಕ್ರಮ ನಿರ್ಣಯ. ಎಲೆಯಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಸಣ್ಣ ಸಣ್ಣ ತುಣುಕುಗಳಾಗಿಸಿ, ಪ್ರತಿ ತುಣುಕಿನಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳು ಯಾವ ಕ್ರಮದಲ್ಲಿವೆ ಎಂದು ಯಂತ್ರ ಓದುತ್ತದೆ. ತುಣುಕುಗಳ ಅಂಚುಗಳನ್ನು ಒಂದರೊಡನೊಂದು ಹೊಂದಿಸಿ ಇಡೀ ಪಾಠವನ್ನು ಗಣಕಯಂತ್ರ ಪುನಾರಚಿಸುತ್ತದೆ. ಚದುರಿದ ತಾಳೆಗರಿಗಳನ್ನು ಜೋಡಿಸಿ ಗ್ರಂಥ ಸಂಪಾದನೆ ಮಾಡುವವರಿಗೆ ಈ ಕೆಲಸದ ಸ್ವರೂಪ ಅಪರಿಚಿತವೆನಿಸದು. ಮರಗಳ ಪೈಕಿ ಮೊದಲು ಹೀಗೆ ಓದಲಾದದ್ದು ಪಾಪ್ಲರ್, 2006ರಲ್ಲಿ. ಬೇವಿನ ಕರಡು ಜೀನೋಮು 2012ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು.

ಶ್ರೀಗಂಧದ ಕರಡು ಜೀನೋಮನ್ನು ಎಚ್.ಬಿ. ಮಹೇಶ್, ಟಿ.ಎಸ್. ಕೇಶವ ಪ್ರಸಾದ್, ಮಲಾಲಿ ಗೌಡ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಅದರ ಉದ್ದ 22.1 ಕೋಟಿ ಅಕ್ಷರಗಳು. ಅಲ್ಲಿಯವರೆಗೆ ಓದಲಾಗಿದ್ದ ಮರಗಳ ಜೀನೋಮುಗಳಲ್ಲೆಲ್ಲ ಇದೇ ಅತಿ ಚಿಕ್ಕದು. ಮನುಷ್ಯನ ಜೀನೋಮು ಸುಮಾರು 300 ಕೋಟಿ ಅಕ್ಷರಗಳದ್ದು. ಪ್ರೋಟೀನುಗಳನ್ನು ರೂಪಿಸುವ 38,119 ವಂಶವಾಹಿಗಳನ್ನು ಅದರಲ್ಲಿ ಅಂದಾಜಿಸಲಾಯಿತು. ಅಂದಾಜಿಗೆ ನಿಲ್ಲದೆ, ಮರದ ಅಂಗಾಂಶಗಳಲ್ಲಿ ನಿಜವಾಗಿ ಇರುವ ಪ್ರೋಟೀನುಗಳ ತುಣುಕುಗಳನ್ನು ಹಿಡಿದು 10,076 ವಂಶವಾಹಿಗಳ ಇರುವಿಕೆಯನ್ನು ದೃಢಪಡಿಸಿದ್ದು ಆ ಕೆಲಸದ ವಿಶೇಷ. ಮರುವರ್ಷ ಕೊಯಮತ್ತೂರಿನ ಅರಣ್ಯ ತಳಿಶಾಸ್ತ್ರ ಸಂಸ್ಥೆಯಿಂದ ಇನ್ನೊಂದು ಕರಡು ಬಂದಿತು. 2023ರಲ್ಲಿ ಚೀನಾದ ಸಂಶೋಧಕರು ಈ ತುಣುಕುಗಳನ್ನು ಇಡೀ ವರ್ಣತಂತುಗಳ ಮಟ್ಟಕ್ಕೆ ಜೋಡಿಸಿದ ಪಾಠವನ್ನು ಹೊರತಂದರು.

ಇವು ಮೂಲಪಾಠಗಳು. ಒಂದು ಹಸ್ತಪ್ರತಿಯಿಂದ ಕೃತಿಯ ಪಾಠಾಂತರಗಳು ತಿಳಿಯದಿರುವಂತೆ ಒಂದು ಮರದ ಜೀನೋಮಿನಿಂದ ಜಾತಿಯ ಸ್ಥಿತಿ ತಿಳಿಯದು. ಸಂರಕ್ಷಣೆಗೆ ಬೇಕಾಗಿರುವುದು ಪಾಠಾಂತರಗಳು: ನೂರಾರು ಮರಗಳ ಎಲೆ ತಂದು, ಮೂಲಪಾಠದೊಡನೆ ಹೋಲಿಸಿ, ಎಲ್ಲೆಲ್ಲಿ ಅಕ್ಷರ ವ್ಯತ್ಯಾಸವಾಗಿದೆಯೆಂದು ಗುರುತಿಸುವುದು. ಆಗ ಕಾಡೊಂದರ ಮರಗಳು ಬೇರಿನಿಂದ ಚಿಗುರಿದ ಪಡಿಯಚ್ಚುಗಳೋ, ಬೀಜದಿಂದ ಬಂದವೋ ಎಂದು ಹೇಳಬಹುದು. ಹತ್ತಿರದ ಸಂಬಂಧಿಗಳ ನಡುವೆಯೇ ಪರಾಗಸ್ಪರ್ಶ ನಡೆದು ಸಂತಾನ ದುರ್ಬಲವಾಗುತ್ತಿದೆಯೇ ಎಂದು ಅಳೆಯಬಹುದು. ವಶಪಡಿಸಿಕೊಂಡ ದಿಮ್ಮಿ ಯಾವ ಪ್ರದೇಶದ್ದೆಂದು ಪತ್ತೆಹಚ್ಚಲೂ ತಾತ್ತ್ವಿಕವಾಗಿ ಸಾಧ್ಯ. ಕೋಠಿಯಲ್ಲಿ ಕಳೆದುಹೋಗುತ್ತಿದ್ದ ನೆಲೆಯ ಗುರುತು ಹೀಗೆ ಮರಳಿ ದೊರೆಯುತ್ತದೆ.

ರೋಗದ ವಿಷಯದಲ್ಲಿ ಈ ವಿಧಾನ ಏನು ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಆಶ್ ಮರ ನಿದರ್ಶನ. 2012ರಲ್ಲಿ ಅಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಆ ಮರಗಳು ಅಪಾರ ಸಂಖ್ಯೆಯಲ್ಲಿ ಒಣಗಿದವು. ಕೆಲವು ಮಾತ್ರ ತಾಳಿಕೊಂಡವು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1,250ಕ್ಕೂ ಹೆಚ್ಚು ಆಶ್ ಮರಗಳ ಡಿಎನ್‌ಎಯನ್ನು ಓದಿ, ತಾಳಿಕೆ ಒಂದೇ ವಂಶವಾಹಿಯ ಕೊಡುಗೆಯಲ್ಲ, ಅನೇಕ ವಂಶವಾಹಿಗಳ ಸಣ್ಣ ಸಣ್ಣ ನೆರವಿನ ಮೊತ್ತ ಎಂದು ತೋರಿಸಲಾಯಿತು. ಆ ಅಕ್ಷರಗಳ ನೆರವಿನಿಂದ ಯಾವ ಸಸಿ ತಾಳಬಲ್ಲದೆಂದು ಮುಂಚಿತವಾಗಿ ಊಹಿಸುವ ಹಾದಿ ತೆರೆಯಿತು. ಸ್ಪೈಕ್ ರೋಗದ ಕಾಡಿನಲ್ಲಿಯೂ ಸತ್ತ ಮರಗಳ ನಡುವೆ ಹಸುರಾಗಿ ನಿಂತ ಮರಗಳುಂಟು. ಅವು ರೋಗವನ್ನು ತಾಳಿದವೋ, ಕೀಟದ ಕಣ್ಣಿಗೆ ಬೀಳದೆ ಉಳಿದವೋ ಎಂಬುದನ್ನು ಬೇರ್ಪಡಿಸಲು ಇಂಥದ್ದೇ ದೊಡ್ಡ ಪ್ರಮಾಣದ ಓದು ಬೇಕು. ಆಶ್ ಮರದ ಪಾಠ ಇನ್ನೊಂದಿದೆ. ತಾಳಿಕೆ ಅನೇಕ ವಂಶವಾಹಿಗಳ ಮೊತ್ತವಾಗಿದ್ದರೆ, ಒಂದೆರಡು ‘ಉತ್ತಮ’ ಮರಗಳನ್ನು ಕಾಪಾಡಿದರೆ ಸಾಲದು, ಹಲವು ಬಗೆಯ ಮರಗಳು ಉಳಿದಿರಬೇಕು.

ಮೂಲದ ಪ್ರಶ್ನೆ

ಶ್ರೀಗಂಧ ನಮ್ಮ ನೆಲದ್ದೇ ಎಂಬ ಭಾವನೆಗೆ ಸಾಹಿತ್ಯದ ಆಧಾರ ಹೇರಳವಾಗಿದೆ. ಮಲಯಪರ್ವತ, ಚಂದನ, ಅದನ್ನು ಸುತ್ತಿದ ಸರ್ಪಗಳು ಕವಿಸಮಯವಾಗಿಯೇ ನೆಲೆಗೊಂಡಿವೆ. ಆದರೆ ಸಸ್ಯಶಾಸ್ತ್ರಜ್ಞರಲ್ಲಿ ಈ ಕುರಿತು ಹಳೆಯದೊಂದು ಅನುಮಾನವಿದೆ. ಇಂಡೋನೇಷ್ಯಾದ ಪೂರ್ವದ್ವೀಪಗಳಿಂದ, ವಿಶೇಷವಾಗಿ ಟಿಮೋರಿನಿಂದ, ಮರ ಭಾರತಕ್ಕೆ ಬಂದಿರಬಹುದೇ ಎಂಬ ಚರ್ಚೆಯನ್ನು ಸಿ.ಇ.ಸಿ. ಫಿಷರ್ ಅವರು 1938ರಲ್ಲಿಯೇ ನಡೆಸಿದ್ದರು. ಬಳ್ಳಾರಿ ಬಳಿಯ ಸಂಗನಕಲ್ಲಿನ ಪ್ರಾಚೀನ ನೆಲೆಯಲ್ಲಿ ದೊರೆತ ಇದ್ದಿಲಿನಲ್ಲಿ ಶ್ರೀಗಂಧವನ್ನು ಗುರುತಿಸಲಾಗಿದ್ದು, ಅದರ ಕಾಲ ಕ್ರಿ.ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧ. ಪರಕೀಯವಾಗಿದ್ದರೂ ಅದು ಮೂರು ಸಾವಿರ ವರ್ಷಗಳಿಗಿಂತ ಹಳೆಯ ಪರಕೀಯ ಎಂದಾಯಿತು.

ಡೇನಿಕಾ ಹಾರ್ಬಾ ಮತ್ತು ಬ್ರೂಸ್ ಬಾಲ್ಡ್ವಿನ್ ಅವರು 2007ರಲ್ಲಿ ಗಂಧದ ಕುಲದ ಜಾತಿಗಳ ಡಿಎನ್‌ಎಯನ್ನು ಹೋಲಿಸಿ ವಂಶವೃಕ್ಷ ರಚಿಸಿದರು. ಅವರ ನಿರ್ಣಯದಂತೆ ಕುಲದ ಮೂಲ ಆಸ್ಟ್ರೇಲಿಯ. ಅಲ್ಲಿಂದ ಕನಿಷ್ಠ ಐದು ಬಾರಿ, ಬಹುಶಃ ಹಕ್ಕಿಗಳ ಹೊಟ್ಟೆಯಲ್ಲಿ, ಬೀಜಗಳು ಪೆಸಿಫಿಕ್ ಸಾಗರವನ್ನು ದಾಟಿವೆ: ಎರಡು ಬಾರಿ ಮೆಲನೇಷ್ಯಾಕ್ಕೆ, ಎರಡು ಬಾರಿ ಹವಾಯಿಗೆ, ಒಮ್ಮೆ ಚಿಲಿಯ ಆಚೆಗಿನ ಹ್ವಾನ್ ಫೆರ್ನಾಂಡೆಸ್ ದ್ವೀಪಗಳಿಗೆ. ಈ ಕೊನೆಯ ದ್ವೀಪಗಳ ಗಂಧದ ಜಾತಿ ಇಂದು ಇಲ್ಲ. ಅದರ ಕೊನೆಯ ಮರವನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಸ್ಕಾಟ್ಸ್‌ಬರ್ಗ್ 1908ರಲ್ಲಿ ಕಂಡು ಛಾಯಾಚಿತ್ರ ತೆಗೆದಿದ್ದರು. ಆ ಜಾತಿಯನ್ನು ಕುರಿತು ಈಗ ತಿಳಿಯುವುದೇನಿದ್ದರೂ ಸಂಗ್ರಹಾಲಯದ ಒಣ ಮಾದರಿಗಳಿಂದಲೇ. ಹಕ್ಕಿ ಬಿತ್ತಿದ ಬೇಲಿಯ ಸಸಿ ಎಂಬ ಹಳ್ಳಿಯ ಮಾತಿಗೆ ಸಾಗರದಷ್ಟು ವ್ಯಾಪ್ತಿಯಿದೆಯೆಂಬುದು ಈ ಅಧ್ಯಯನದಿಂದ ಹೊರಡುವ ಸೊಗಸಾದ ಸಂಗತಿ.

ಭಾಷೆಯ ಸಾಕ್ಷ್ಯ ಇನ್ನೊಂದು ದಿಕ್ಕಿಗೆ ಕೈಮಾಡುತ್ತದೆ. ಸಂಸ್ಕೃತದ ‘ಚಂದನ’ವೇ ದ್ರಾವಿಡ ಮೂಲದ್ದೆಂದು ಭಾಷಾವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ, ತಮಿಳಿನ ‘ಚಾಂದು’, ಕನ್ನಡದ ‘ಸಾದು’ ಇದೇ ಕುಟುಂಬದ ಪದಗಳೆನ್ನಲಾಗಿದೆ. ಚಂದನವೇ ಪಶ್ಚಿಮಕ್ಕೆ ಹೋಗಿ ‘ಸಂಟಾಲಮ್’ ಆಗಿದೆ. ಹೆಸರು ಇಲ್ಲಿಯದು, ಕುಲ ಅಲ್ಲಿಯದು. ಮರ ಪರಕೀಯವೆಂದು ಸಿದ್ಧವಾದರೆ ನಾಡಿನ ಮಾನಕ್ಕೆ ಕುಂದು ಎಂದು ಅಳುಕುವವರಿದ್ದಾರೆ. ಮೆಣಸಿನಕಾಯಿ ಕನ್ನಡದ ಅಡುಗೆಯನ್ನು ಆಳುತ್ತಿರುವುದು ಕೆಲವೇ ಶತಮಾನಗಳಿಂದ ಎಂಬುದನ್ನು ನೆನೆದರೆ ಆ ಅಳುಕು ಅನಗತ್ಯ. ದಖ್ಖನ್ನಿನ ಮರಗಳ ಹೆಚ್ಚಿನ ವೈವಿಧ್ಯ ಈ ಚರ್ಚೆಯಲ್ಲಿ ಮುಖ್ಯವಾದ ಅಂಶ. ಟಿಮೋರಿನ ಮತ್ತು ದಖ್ಖನ್ನಿನ ಮರಗಳ ಪೂರ್ಣ ಜೀನೋಮುಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಎದುರುಬದುರಿಟ್ಟು ಓದುವುದೇ ಇದನ್ನು ಇತ್ಯರ್ಥಗೊಳಿಸುವ ಮಾರ್ಗ.

ಪರಿಮಳದ ಒಡೆತನ

ಪರಿಮಳದ ಹುಟ್ಟೂ ಈಗ ಅಕ್ಷರಗಳಲ್ಲಿ ದೊರೆತಿದೆ. ಗಂಧದೆಣ್ಣೆಯ ಜೀವಾಳ ಆಲ್ಫಾ ಮತ್ತು ಬೀಟಾ ಸಂಟಾಲಾಲ್ ಎಂಬ ಎರಡು ದ್ರವ್ಯಗಳು. ಅವುಗಳ ಮೊದಲ ಹಂತವಾದ ಸಂಟಲೀನನ್ನು ತಯಾರಿಸುವ ಕಿಣ್ವದ ವಂಶವಾಹಿಯನ್ನು 2011ರಲ್ಲಿ, ಅದನ್ನು ಸಂಟಾಲಾಲಾಗಿ ಮಾರ್ಪಡಿಸುವ ಕಿಣ್ವದ ವಂಶವಾಹಿಯನ್ನು 2016ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಗಳ ಸಂಶೋಧಕರು ಗುರುತಿಸಿದರು. ಆ ವಂಶವಾಹಿಗಳನ್ನು ಯೀಸ್ಟ್ ಜೀವಕೋಶಕ್ಕೆ ಸೇರಿಸಿ ಸಂಟಾಲಾಲ್ ತಯಾರಿಸಬಹುದೆಂದೂ ತೋರಿಸಿದರು. ಮರವಿಲ್ಲದ ಗಂಧ ಇನ್ನು ಕಲ್ಪನೆಯಲ್ಲ.

ಇದರಿಂದ ಮರದ ಮೇಲಿನ ಒತ್ತಡ ತಗ್ಗಬಹುದು ಎಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಕ್ಷರಗಳನ್ನು ದತ್ತಸಂಚಯದಿಂದ ಇಳಿಸಿಕೊಂಡು ಲಾಭ ಗಳಿಸುವವರು ಮರವನ್ನಾಗಲಿ, ಮರವಿರುವ ಊರನ್ನಾಗಲಿ ನೋಡಬೇಕಾಗಿಯೇ ಇಲ್ಲ. ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು 2022ರಲ್ಲಿ ಮಾಂಟ್ರಿಯಲ್ಲಿನಲ್ಲಿ ಸೇರಿ ಇಂತಹ ಡಿಜಿಟಲ್ ಅನುಕ್ರಮ ಮಾಹಿತಿಯ ಲಾಭವನ್ನೂ ಹಂಚಿಕೊಳ್ಳಬೇಕೆಂದು ಒಪ್ಪಿದವು. ಅದಕ್ಕಾಗಿ ‘ಕಾಲಿ ನಿಧಿ’ 2025ರ ಫೆಬ್ರುವರಿಯಲ್ಲಿ ಆರಂಭವಾಯಿತು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಸಮುದಾಯಗಳ ಅರಿವನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿಗೆ ಅವಕಾಶ ಕಲ್ಪಿಸಿತು. ಆದರೆ 2023ರ ತಿದ್ದುಪಡಿ ಕ್ರೋಡೀಕೃತ ಸಾಂಪ್ರದಾಯಿಕ ಜ್ಞಾನದ ಬಳಕೆಗೆ ವಿನಾಯಿತಿ ನೀಡಿದೆ. ಲಿಖಿತ ಮತ್ತು ಮೌಖಿಕ ಎಂಬ ಭೇದ ಹೀಗೆ ಕಾನೂನಿನೊಳಗೂ ಬಂದುಕೂತಿರುವುದನ್ನು ಜಾನಪದ ವಿದ್ವಾಂಸರು ಉಪೇಕ್ಷಿಸುವಂತಿಲ್ಲ.

ಒಡೆತನಕ್ಕಿಂತ ತುರ್ತಾದ ಪ್ರಶ್ನೆ ಬೀಜದ್ದು. 2001ರ ನಂತರ ರೈತರು ಉತ್ಸಾಹದಿಂದ ಗಂಧ ನೆಡುತ್ತಿದ್ದಾರೆ. ಕೊಂಡ ಸಸಿಯ ತಾಯಿಮರ ಯಾವುದೆಂದು ಕೊಳ್ಳುವವರಿಗೂ ಮಾರುವವರಿಗೂ ತಿಳಿದಿರುವುದು ವಿರಳ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಭಾರತೀಯ ಶ್ರೀಗಂಧವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಆಧಾರವಾಗಿದ್ದ ಮರಗಳ ಸಂಗ್ರಹವನ್ನು 2009ರಲ್ಲಿ ಪರೀಕ್ಷಿಸಿದಾಗ ಅದರ ವಂಶ ವೈವಿಧ್ಯ ಕಡಿಮೆಯೆಂದು ಕಂಡುಬಂದಿತು. ತಾಯ್ನೆಲದಲ್ಲಿಯೂ ಕೆಲವೇ ಮರಗಳ ಬೀಜ ಎಲ್ಲೆಡೆ ಹರಡಿದರೆ ಲಕ್ಷಾಂತರ ಗಿಡಗಳಿದ್ದೂ ಬಗೆಗಳು ಇಲ್ಲವಾಗುತ್ತವೆ. ಸ್ಪೈಕ್ ರೋಗಕ್ಕೆ ಅದಕ್ಕಿಂತ ಅನುಕೂಲವಾದ ತೋಟ ಇನ್ನೊಂದಿಲ್ಲ.

ಬೆಂಗಳೂರಿನ ಮರವಿಜ್ಞಾನ ಸಂಸ್ಥೆ ಹೊಸಕೋಟೆ ಬಳಿಯ ಗೊಟ್ಟಿಪುರದಲ್ಲಿ ಬೆಳೆಸಿರುವ ತಳಿ ಸಂಗ್ರಹದಲ್ಲಿ ಹಲವು ಸೀಮೆಗಳಿಂದ ತಂದ ಮರಗಳ ಕಸಿಗಳಿವೆ. ಸಂಶೋಧನೆಯ ಬರಹಗಳಲ್ಲಿ ಮರಗಳು ಗುರುತಾಗುವುದು ತಂಗಳಿ, ಮರಯೂರು, ಚಿತ್ತೇರಿ, ಜವ್ವಾದಿ ಎಂಬಂತಹ ಊರು ಬೆಟ್ಟಗಳ ಹೆಸರಿನಿಂದ. ವಿಲಾಯತ್, ಚೀನಾ ಎಂದು ಹೋಗಿ ಸೇರುವ ಕಡೆಯ ಹೆಸರನ್ನು ಹೊತ್ತಿದ್ದ ಮರ ಈಗ ಹುಟ್ಟಿದ ಕಡೆಯ ಹೆಸರನ್ನು ಪಡೆದಿದೆ. ಆದರೆ ಊರಿನ ಹೆಸರೊಂದೇ ಸಾಲದು. ಆ ಮರ ತಾನಾಗಿ ಎದ್ದದ್ದೋ ನೆಟ್ಟದ್ದೋ, ಹಿಂದೆ ಅಲ್ಲಿ ಮರ ಕಿತ್ತಿದ್ದರೋ, ಯಾವ ಗಿಡದ ಮಗ್ಗುಲಲ್ಲಿ ಎದ್ದಿತು, ಸುತ್ತಲಿನ ಮರಗಳು ಯಾವ ವರ್ಷ ಒಣಗಿದವು ಎಂಬ ವಿವರಗಳಿಲ್ಲದಿದ್ದರೆ ಅಕ್ಷರಗಳ ವ್ಯತ್ಯಾಸಕ್ಕೆ ಅರ್ಥ ಹಚ್ಚುವುದು ಕಷ್ಟ. ಈ ವಿವರಗಳು ಯಾವ ಕೋಠಿಯ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಅವು ಇರುವುದು ದನ ಮೇಯಿಸಿದವರ, ಕಾಡು ಕಾವಲು ಕಾದವರ, ಬದುವಿನ ಸಸಿಯನ್ನು ಕೀಳದೆ ಬಿಟ್ಟವರ ನೆನಪಿನಲ್ಲಿ. ಮತ್ತು ಅವರಲ್ಲಿ ಹೆಚ್ಚಿನವರು ಈಗ ಎಪ್ಪತ್ತು ದಾಟಿದವರು. ಎಲೆ ಸಂಗ್ರಹಿಸಲು ಹೋಗುವ ತಂಡದೊಡನೆ ಕ್ಷೇತ್ರಕಾರ್ಯ ಬಲ್ಲ ಜಾನಪದ ಸಂಶೋಧಕರೊಬ್ಬರು ಹೋಗಿ, ಮಾದರಿಯ ಚೀಟಿಯ ಮೇಲೆ ಮರದ ಸಂಖ್ಯೆಯ ಜೊತೆಗೆ ಆ ಮಾತನ್ನೂ ಅದೇ ದಿನ ಬರೆದಿಡುವುದಕ್ಕೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.